ಕಾಟಾ ಯಾರ ಕೈಯಲ್ಲಿ?

ಪ್ರಶ್ನೆ: ಪಹಲ್ಗಾಮ್‌ನಲ್ಲಿ 26 ಜನ ಸತ್ತರು, ಅವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಅದಕ್ಕೂ ವರ್ಷ ಮೊದಲು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಇಂಥ ಹೊತ್ತಿನಲ್ಲೂ ಆರೋಪಿಯ ಹಕ್ಕು, ಜಾಮೀನು, ವಕೀಲ ಎಂದು ಕೂತರೆ ದೇಶ ಉಳಿಯುತ್ತದೆಯೇ? ಸಂಶಯ ಬಂದವರನ್ನು ಮೊದಲು ಒಳಗೆ ಹಾಕಿ, ಆಮೇಲೆ ವಿಚಾರಿಸಿದರೆ ಏನು ತಪ್ಪು? ತಪ್ಪು ಮಾಡದವನಿಗೆ ಭಯವೇಕೆ? ನಾನು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಭದ್ರತೆ, ಸ್ವಾತಂತ್ರ್ಯ ಎರಡನ್ನೂ ತೂಗಿ ನೋಡಿದರೆ ಯಾವುದು ಹೆಚ್ಚು ತೂಗುತ್ತದೆ ಎಂದು ತಿಳಿಸಿ.
(ಓದುಗರೊಬ್ಬರು, ಕದರಮಂಡಲಗಿ, ಬ್ಯಾಡಗಿ ತಾಲ್ಲೂಕು)

ಉತ್ತರ: ‘ತೂಗಿ ನೋಡಿದರೆ’ ಎಂದು ಬರೆದಿದ್ದೀರಿ. ಬ್ಯಾಡಗಿ ಮಾರುಕಟ್ಟೆಯ ಮಗ್ಗುಲಲ್ಲೇ ಇರುವ ಊರಿನಿಂದ ಬಂದ ಮಾತು ಅದು. ಹಾಗಾಗಿ ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಸೋಮವಾರವೋ ಗುರುವಾರವೋ ರೈತ ಮೆಣಸಿನಕಾಯಿ ಚೀಲ ಹೇರಿಕೊಂಡು ಎಪಿಎಂಸಿಗೆ ಬರುತ್ತಾನೆ. ದಲಾಲಿ ಅಂಗಡಿ ಮುಂದೆ ಲಾಟ್ ಬೀಳುತ್ತದೆ, ಖರೀದಿದಾರರು ಟೆಂಡರ್ ಹಾಕುತ್ತಾರೆ, ರೇಟು ಗೊತ್ತಾಗುತ್ತದೆ. ಆಮೇಲೆ ಕಾಟಾ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವನೂ ಆಗ ಕಣ್ಣರಳಿಸಿ ಅಂಕಿ ನೋಡುತ್ತಾನೆ. ಕೊಳ್ಳುವವನು ಎಷ್ಟೇ ಸಜ್ಜನನಾಗಿರಲಿ, ತೂಗುವ ಕೆಲಸವನ್ನು ಅವನಿಗೇ ಬಿಟ್ಟು ಚಹಾ ಕುಡಿಯಲು ಹೋಗುವ ರೈತನನ್ನು ನೀವು ಕಂಡಿದ್ದೀರಾ? ತೂಕದವರಿಗೆ ಮಾರುಕಟ್ಟೆ ಸಮಿತಿ ಬೇರೆಯೇ ಲೈಸೆನ್ಸ್ ಕೊಡುತ್ತದೆ. ಕಾಟಾದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಕೊಳ್ಳುವವನೆಲ್ಲ ಕಳ್ಳನೆಂದು ಯಾರೂ ಹೀಗೆ ಮಾಡಿಲ್ಲ. ಲಾಭ ಇರುವವನ ಕೈಯಲ್ಲಿ ತೂಕ ಇರಬಾರದು, ಅಷ್ಟೇ.

ನಿಮ್ಮ ಪ್ರಶ್ನೆಗೂ ನನ್ನ ಉತ್ತರ ಇದೇ. ಯಾವುದು ಹೆಚ್ಚು ತೂಗುತ್ತದೆ ಎಂಬುದು ಆಯಾ ಪ್ರಕರಣಕ್ಕೆ ಬಿಟ್ಟದ್ದು. ಅದನ್ನು ತೂಗುವವರು ಯಾರು ಎಂಬುದು ಮಾತ್ರ ಮೊದಲೇ ಗೊತ್ತಿರಬೇಕು. ಹಿಡಿದವರೇ ತೂಗಬಾರದು.

ಭದ್ರತೆಯ ತಟ್ಟೆ ಹಗುರ ಎಂದು ನಾನು ಹೇಳುತ್ತಿಲ್ಲ. ಜೀವವೇ ಉಳಿಯದಿದ್ದರೆ ಉಳಿದ ಹಕ್ಕು ಯಾತಕ್ಕೆ? ಬಾಂಬ್ ಇಟ್ಟವನನ್ನು ಬೇಗ ಹಿಡಿಯುವುದು ಸರ್ಕಾರದ ಕರ್ತವ್ಯ. ನೀವೇ ಹೆಸರಿಸಿದ ರಾಮೇಶ್ವರಂ ಕೆಫೆಯನ್ನು ನೋಡಿ. ಸ್ಫೋಟವಾದದ್ದು 2024ರ ಮಾರ್ಚ್ 1ರಂದು. ಎರಡೇ ದಿನದಲ್ಲಿ ತನಿಖೆ ಎನ್‌ಐಎ ಕೈಗೆ ಹೋಯಿತು. ಏಪ್ರಿಲ್ 12ರಂದು ಇಬ್ಬರು ಪ್ರಮುಖ ಆರೋಪಿಗಳು ಕೋಲ್ಕತ್ತ ಸಮೀಪ ಸಿಕ್ಕಿಬಿದ್ದರು. ದಾರಿ ತೋರಿಸಿದ್ದು ಸಿಸಿಟಿವಿ ದೃಶ್ಯಗಳು, ಶಂಕಿತ ತೊಟ್ಟು ಬಿಸಾಡಿದ ಟೋಪಿ, ತಾಳ್ಮೆಯ ಪೊಲೀಸ್ ಕೆಲಸ. ಊರಿಗೆ ಊರನ್ನೇ ಒಳಗೆ ಹಾಕಬೇಕಾಗಿ ಬರಲಿಲ್ಲ. ಇದೇ ತನಿಖೆಯ ನಡುವೆ ಮಲೆನಾಡಿನ ಒಬ್ಬರನ್ನು ವಿಚಾರಣೆಗೆ ಕರೆದಾಗ ಅವರೇ ಆರೋಪಿ ಎಂಬಂತೆ ಸುದ್ದಿ ಹಬ್ಬಿತು. ಅವರನ್ನು ಕರೆದದ್ದು ಸಾಕ್ಷಿಯಾಗಿ ಎಂದು ಎನ್‌ಐಎಯೇ ಹೇಳಬೇಕಾಯಿತು. ಸಂಶಯಕ್ಕೆ ಕಾಲು ಎಷ್ಟು ಬೇಗ ಮೂಡುತ್ತದೆ ನೋಡಿ.

ಇನ್ನು ‘ತಪ್ಪು ಮಾಡದವನಿಗೆ ಭಯವೇಕೆ’ ಎಂಬ ಮಾತು. ಇದಕ್ಕೆ ಡಾ. ಮೊಹಮದ್ ಹನೀಫ್ ಅವರ ಕತೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಬೆಂಗಳೂರಿನ ಈ ವೈದ್ಯರು ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದವರಲ್ಲಿ ಒಬ್ಬ ಇವರ ದೂರದ ಸಂಬಂಧಿ. ಅದಕ್ಕೂ ಮೊದಲು ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಮೊಬೈಲ್ ಸಿಮ್ ಅನ್ನು ಆತನ ತಮ್ಮನಿಗೆ ಕೊಟ್ಟು ಬಂದಿದ್ದರು. ಹೊರಡುವವರು ಉಳಿಯುವವರಿಗೆ ಪಾತ್ರೆ, ಹಾಸಿಗೆ ಕೊಟ್ಟು ಹೋಗುವುದಿಲ್ಲವೇ, ಹಾಗೆ. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಹೊಸ ಭಯೋತ್ಪಾದನಾ ನಿಗ್ರಹ ಕಾನೂನಿನ ಬಲದಲ್ಲಿ ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಇಟ್ಟುಕೊಂಡರು. ಉರಿದ ಜೀಪಿನಲ್ಲೇ ಆ ಸಿಮ್ ಸಿಕ್ಕಿತು ಎಂದು ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು. ನಿಜವಾಗಿ ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ಆಚೆ, ಲಿವರ್‌ಪೂಲ್ ನಗರದಲ್ಲಿ.

ಮುಂದಿನದನ್ನು ಗಮನವಿಟ್ಟು ಓದಿ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಸಾಕ್ಷ್ಯ ನೋಡಿ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ಅಲ್ಲಿನ ವಲಸೆ ಸಚಿವರು ಹನೀಫರ ವೀಸಾ ರದ್ದು ಮಾಡಿ ಹೊರಬರದಂತೆ ಮಾಡಿದರು. ತೂಕದವನು ತೂಗಿ ಅಂಕಿ ಹೇಳಿದ ಮೇಲೆ, ಅದು ಒಗ್ಗದೆ ಖರೀದಿದಾರನೇ ಕಾಟಾ ಎತ್ತಿಕೊಂಡು ಹೋದ ಹಾಗಾಯಿತು. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. ಮರುವರ್ಷ, ಈ ಪ್ರಕರಣದ ಬಗ್ಗೆ ನಡೆದ ಕ್ಲಾರ್ಕ್ ವಿಚಾರಣೆಯ ವರದಿಯೂ ಅವರ ಮೇಲೆ ಸಾಕ್ಷ್ಯವಿಲ್ಲ ಎಂದಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ತಪ್ಪು ಮಾಡದವರಿಗೆ ಭಯವೇಕೆ ಎಂದಿರಿ. ಹನೀಫ್ ತಪ್ಪು ಮಾಡಿರಲಿಲ್ಲ.

ನಮ್ಮ ನಾಡಿನೊಳಗೂ ಇಂಥದ್ದಿದೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಹಿಡಿದವರಲ್ಲಿ ಒಬ್ಬ ಯುವ ಪತ್ರಕರ್ತರಿದ್ದರು. ಆರು ತಿಂಗಳು ಜೈಲಿನಲ್ಲಿದ್ದರು. ಅವರ ವಿರುದ್ಧ ಸಾಕ್ಷ್ಯ ಸಿಗದೆ ಆರೋಪಪಟ್ಟಿಯಲ್ಲಿ ಹೆಸರು ಬರಲಿಲ್ಲ, ಹೊರಬಂದರು. ಆರು ತಿಂಗಳೇಕೆ ಎಂದರೆ, ಭಯೋತ್ಪಾದನೆ ಪ್ರಕರಣಗಳಿಗೆ ಬಳಸುವ ಯುಎಪಿಎ ಕಾನೂನಿನಲ್ಲಿ ಆರೋಪಪಟ್ಟಿ ಹಾಕಲು 180 ದಿನದವರೆಗೆ ಅವಕಾಶ ಸಿಗಬಹುದು. ಗಂಭೀರ ಅಪರಾಧಕ್ಕೂ ಮಾಮೂಲಿ ಕಾನೂನಿನಲ್ಲಿ ಗಡುವು 90 ದಿನ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಕೋರ್ಟು ಜಾಮೀನು ಕೊಡುವಂತಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಆದರೆ ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಬಾಗಿಲನ್ನು ಸ್ವಲ್ಪ ತೆರೆಯಿತು.

ಇಂಥ ಕಾನೂನುಗಳ ಹುಟ್ಟನ್ನೂ ನೋಡಿ, ಪರೀಕ್ಷೆಗೂ ಬಂದೀತು. ಟಾಡಾ ಬಂದದ್ದು 1985ರಲ್ಲಿ, ಇಂದಿರಾ ಗಾಂಧಿ ಹತ್ಯೆ, ದೆಹಲಿ ಸುತ್ತಿನ ಸರಣಿ ಸ್ಫೋಟಗಳ ಬೆನ್ನಿಗೆ. ಪೋಟಾ ಬಂದದ್ದು 2001ರ ಸಂಸತ್ ದಾಳಿಯ ಮರುವರ್ಷ. ಹಳೆಯ ಯುಎಪಿಎಗೆ ಸಂಸತ್ತು ಇಂದಿನ ಹಲ್ಲು ಕೊಟ್ಟದ್ದು 2008ರ ಡಿಸೆಂಬರ್‌ನಲ್ಲಿ, ಮುಂಬೈ ದಾಳಿಯಾಗಿ ತಿಂಗಳು ತುಂಬುವ ಮೊದಲು. ಮೂರೂ ಹಸಿ ಗಾಯದ ಹೊತ್ತಿನಲ್ಲಿ ಮಾಡಿದವು. ಟಾಡಾ, ಪೋಟಾಗಳಿಗೆ ಮುಗಿಯುವ ದಿನವೊಂದಿತ್ತು. ಬೇಕಿದ್ದರೆ ಸಂಸತ್ತು ಮತ್ತೆ ಕೂತು ಮುಂದುವರಿಸಬೇಕಿತ್ತು. 1995ರಲ್ಲಿ ಟಾಡಾವನ್ನು ಮುಂದುವರಿಸಲಿಲ್ಲ, ಪೋಟಾವನ್ನು 2004ರಲ್ಲಿ ತೆಗೆದರು. ಯುಎಪಿಎಗೆ ಅಂಥ ದಿನವಿಲ್ಲ. ಸಿಟ್ಟಿನ ಹೊತ್ತಿನಲ್ಲಿ ತಂದ ಕಾನೂನನ್ನು ಸಿಟ್ಟು ಇಳಿದ ಮೇಲೆ ಇನ್ನೊಮ್ಮೆ ನೋಡುವ ಗಡುವು ಅದರೊಳಗೇ ಇರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಸೀಮೆಯ ಚರಿತ್ರೆಗೆ ಈ ವಿಷಯ ಹೊಸದಲ್ಲ. ನಿಮ್ಮದೇ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, 1930ರಲ್ಲಿ ಗಾಂಧೀಜಿಯ ದಂಡಿಯಾತ್ರೆಯಲ್ಲಿ ನಡೆದ ಕನ್ನಡಿಗ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣದ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ನಾವು ಅವರಿಗೆ ಹಾವೇರಿಯಲ್ಲಿ ವೀರಸೌಧ ಕಟ್ಟಿದ್ದೇವೆ. ಆದರೆ ಯುದ್ಧದ ನಡುವಿದ್ದ ಅಂದಿನ ಸರ್ಕಾರಕ್ಕೆ ಅವರು ದೇಶದ ಭದ್ರತೆಗೆ ಅಪಾಯ. ಗಾಂಧಿಯವರ ಹಿಂದೆ ನಡೆದವರನ್ನು ಪ್ರವಾಸಿಗರ ಮೇಲೆ ಗುಂಡು ಹಾರಿಸಿದವರ ಸಾಲಿಗೆ ಸೇರಿಸುವ ಮಾತಲ್ಲ ಇದು. ‘ಭದ್ರತೆ’ ಎಂಬ ಶಬ್ದ ಅಧಿಕಾರದಲ್ಲಿ ಇರುವವರೆಲ್ಲರ ಬಾಯಲ್ಲೂ ಒಂದೇ ಥರ ಕೇಳಿಸುತ್ತದೆ ಎಂಬುದಷ್ಟೇ ನನ್ನ ಮಾತು.

ಆಗ ಜನರನ್ನು ಒಳಗಿಡುತ್ತಿದ್ದದ್ದು ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮದ ಬಲದಿಂದ. ಹೊಸರಿತ್ತಿಯ ಗುಂಡಿನ ಸದ್ದು ಅಡಗಿ ಮೂರು ವಾರಕ್ಕೆ, ಏಪ್ರಿಲ್ 22ರಂದು, ಕೇಶವ ತಳಪದೆ ಮೊಕದ್ದಮೆಯಲ್ಲಿ ಫೆಡರಲ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಯರ್ ಆ ನಿಯಮವೇ ಊರ್ಜಿತವಲ್ಲ ಎಂದರು. ಮೂಲ ಕಾಯ್ದೆ ಕೇಳಿದ್ದು ಸಕಾರಣವಾದ ಸಂಶಯ. ನಿಯಮದ ಪ್ರಕಾರ ಸರ್ಕಾರಕ್ಕೆ ಮನದಟ್ಟಾಗಿದ್ದರೆ ಸಾಕಿತ್ತು. ಬ್ರಿಟಿಷ್ ನ್ಯಾಯಮೂರ್ತಿಯೇ ಯುದ್ಧಕಾಲದಲ್ಲಿ ಹೀಗೆ ಹೇಳಿದ್ದು ದೊಡ್ಡದು. ಆರೇ ದಿನದಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ನಿಯಮವನ್ನು ಮತ್ತೆ ಎತ್ತಿ ನಿಲ್ಲಿಸಿತು.

ಸ್ವಾತಂತ್ರ್ಯ ಬಂದ ಮೇಲೂ ಒಮ್ಮೆ ಕಾಟಾವನ್ನೇ ಬದಿಗಿಟ್ಟದ್ದುಂಟು. ತುರ್ತುಪರಿಸ್ಥಿತಿ ಘೋಷಣೆಯಾದ ಬೆನ್ನಿಗೆ, 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದರು. ಇಂದು ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲೇ ಅವರನ್ನಿಟ್ಟ ಸೆಂಟ್ರಲ್ ಜೈಲಿತ್ತು. ಬಂಧನವನ್ನು ಪ್ರಶ್ನಿಸುವ ಅರ್ಜಿ ಕೇಳಬಹುದು ಎಂದ ಹೈಕೋರ್ಟ್‌ಗಳಲ್ಲಿ ಕರ್ನಾಟಕದ್ದೂ ಒಂದು. ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ನಾಲ್ಕಕ್ಕೆ ಒಂದರ ಬಹುಮತದಿಂದ ‘ಕೇಳುವಂತಿಲ್ಲ’ ಎಂದಿತು. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಜೀವದ ಹಕ್ಕಿನ ಬಗ್ಗೆ ಕೇಳಿದಾಗ, ತುರ್ತುಪರಿಸ್ಥಿತಿ ಇರುವವರೆಗೆ ಜೀವ ತೆಗೆದರೂ ಕೋರ್ಟಿನಲ್ಲಿ ಪರಿಹಾರವಿಲ್ಲ ಎಂಬರ್ಥದ ಉತ್ತರವನ್ನು ಅಟಾರ್ನಿ ಜನರಲ್ ಕೊಟ್ಟರು. ಒಪ್ಪದೆ ಉಳಿದ ಒಂದು ಮತ ಖನ್ನಾ ಅವರದು. ಆ ತೀರ್ಪನ್ನು ಹೆಸರೆತ್ತಿ ತಳ್ಳಿಹಾಕಲು 2017 ಬರಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಜೊತೆಗೆ ಒಂದು ಅಳತೆ ಕೊಟ್ಟಿತು. ಸರ್ಕಾರ ಹಕ್ಕನ್ನು ಮೊಟಕು ಮಾಡಬೇಕಾದರೆ ಅದಕ್ಕೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮೊಟಕು ಮಾಡಬೇಕು.

ಇಷ್ಟೆಲ್ಲ ಓದಿ ‘ಇದು ದೊಡ್ಡವರ ವಿಷಯ’ ಎನ್ನಬೇಡಿ. ಕೆಫೆಯ ಸ್ಫೋಟವಾಗಿ ಹತ್ತು ದಿನಕ್ಕೆ, 2024ರ ಮಾರ್ಚ್ 11ರ ಸೋಮವಾರ, ಬ್ಯಾಡಗಿ ಎಪಿಎಂಸಿಯಲ್ಲೇ ಬೆಂಕಿ ಎದ್ದಿತು. ಮೆಣಸಿನಕಾಯಿ ರೇಟು ಕುಸಿದದ್ದಕ್ಕೆ ಸಿಟ್ಟಾದವರು ಕಚೇರಿಗೆ ನುಗ್ಗಿದರು, ಕಲ್ಲು ತೂರಿದರು, ವಾಹನ ಸುಟ್ಟರು. ಅದು ಭಯೋತ್ಪಾದನೆಯಲ್ಲ. ಆದರೂ ಮರುದಿನ ಪೊಲೀಸರ ಮುಂದಿದ್ದದ್ದು ನಿಮ್ಮ ಪ್ರಶ್ನೆಯೇ. ಆವರಣದಲ್ಲಿ ಸಾವಿರಾರು ಜನ. ಕಲ್ಲು ಎಸೆದವನಿದ್ದಾನೆ, ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತ ನಿಂತವನಿದ್ದಾನೆ, ತನ್ನ ಲಾಟ್ ಉಳಿದರೆ ಸಾಕೆಂದು ಚೀಲಕ್ಕೆ ಅಡ್ಡ ನಿಂತವನಿದ್ದಾನೆ. ಮೂವರ ಅಂಗಿಯ ಮೇಲೂ ಒಂದೇ ಕೆಂಪು ಘಾಟು. ಹತ್ತಾರು ಜನರ ಬಂಧನವಾಯಿತು. ಸುಟ್ಟವನಿಗೆ ಶಿಕ್ಷೆಯಾಗಲೇಬೇಕು. ಆದರೆ ಅಂದು ನಿಮ್ಮ ಅಪ್ಪ ಅಲ್ಲಿ ಚೀಲ ಇಳಿಸುತ್ತಿದ್ದರು ಎಂದು ಇಟ್ಟುಕೊಳ್ಳಿ. ‘ಮೊದಲು ಒಳಗೆ, ಆಮೇಲೆ ವಿಚಾರಣೆ’ ಎಂಬುದನ್ನು ಈಗಲೂ ಒಪ್ಪುತ್ತೀರಾ? ತಕ್ಕಡಿಯ ಮಾತಾಡುವಾಗ ಒಂದು ತಟ್ಟೆಯಲ್ಲಿ ನಮ್ಮ ಭದ್ರತೆ ಇಡುತ್ತೇವೆ, ಇನ್ನೊಂದರಲ್ಲಿ ಬೇರೆಯವರ ಸ್ವಾತಂತ್ರ್ಯ. ಅದಕ್ಕೇ ಅದು ನಮಗೆ ಅಷ್ಟು ಹಗುರವಾಗಿ ಕಾಣುತ್ತದೆ.

ನಾಳೆ ನೀವು ಪಿಎಸ್‌ಐ ಆಗುತ್ತೀರಿ, ಆಗಲಿ. ಸಂಶಯ ಬಂದವನನ್ನು ಹಿಡಿಯುವ ಅಧಿಕಾರ ನಿಮಗಿರುತ್ತದೆ, ಹಿಡಿಯಿರಿ. ಏಕೆ ಹಿಡಿದಿರಿ ಎಂದು ಅವನಿಗೆ ತಿಳಿಸಬೇಕು. ಯುಎಪಿಎ ಪ್ರಕರಣದಲ್ಲೂ ಆ ಕಾರಣ ಬರಹದಲ್ಲೇ ಇರಬೇಕೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಸಂವಿಧಾನದ 22ನೆಯ ವಿಧಿಯ ಪ್ರಕಾರ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುನ್ನೆಚ್ಚರಿಕೆ ಬಂಧನ ಈ 24 ಗಂಟೆಗೆ ಹೊರತು, ಆದರೆ ಅಲ್ಲಿಯೂ ಮೂರು ತಿಂಗಳು ಮೀರಬೇಕಾದರೆ ಸಲಹಾ ಮಂಡಳಿ ನೋಡಬೇಕು. ಇವು ಯಾವುವೂ ಬಾಂಬ್ ಇಟ್ಟವನನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ನೀವು ಹಿಡಿದು ತಂದದ್ದನ್ನು ಇನ್ನೊಬ್ಬರು ತೂಗಲಿ ಎನ್ನುತ್ತವೆ.

ಕಾಗದದ ಮೇಲೆ ಆ 24 ಗಂಟೆ ಎಣಿಕೆಯಾಗುವುದು ನೀವು ಬರೆದ ಸಮಯದಿಂದ. ರಾತ್ರಿ ಎರಡಕ್ಕೆ ಹಿಡಿದು ತಂದವನನ್ನು ಬೆಳಿಗ್ಗೆ ಹತ್ತಕ್ಕೆ ಹಿಡಿದೆ ಎಂದು ಬರೆದರೆ ಎಂಟು ಗಂಟೆ ಸಲೀಸಾಗಿ ಉಳಿಯುತ್ತದೆ, ಆ ಹೊತ್ತಿನಲ್ಲಿ ಕೇಳುವವರೂ ಇರುವುದಿಲ್ಲ. ಠಾಣೆಯಲ್ಲಿ ಮೊದಲ ದಿನ ಪೆನ್ನು ಹಿಡಿದಾಗ ಎರಡು ಗಂಟೆಯನ್ನು ಎರಡು ಗಂಟೆ ಎಂದೇ ಬರೆಯಿರಿ.