ಕಣಜ ಮೊದಲು, ಕತ್ತಿ ಆಮೇಲೆ

‘ಟೋಟಲ್ ವಾರ್: ತ್ರೀ ಕಿಂಗ್‌ಡಮ್ಸ್’ 2019ರ ಮೇ ತಿಂಗಳಲ್ಲಿ ಬಂದ ಕಂಪ್ಯೂಟರ್ ಆಟ. ಮಾಡಿದವರು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ, ಹೊರತಂದದ್ದು ಸೆಗಾ. ಕಾಲ ಕ್ರಿ.ಶ. 190. ಹಾನ್ ಸಾಮ್ರಾಜ್ಯ ಕುಸಿಯುತ್ತಿದೆ. ಬಾಲಕ ಚಕ್ರವರ್ತಿ ಡಾಂಗ್ ಜುವೊ ಎಂಬ ಸೇನಾಧಿಪತಿಯ ಮುಷ್ಟಿಯಲ್ಲಿದ್ದಾನೆ. ಡಾಂಗ್ ಜುವೊನನ್ನು ಇಳಿಸಲು ಪ್ರಾಂತ್ಯದ ದೊರೆಗಳೆಲ್ಲ ಒಂದಾಗಿದ್ದಾರೆ. ಒಂದಾದಂತೆ ನಟಿಸುತ್ತಿದ್ದಾರೆ ಎಂದರೂ ಸರಿಯೇ. ಇವರಲ್ಲೊಬ್ಬರನ್ನು ಆರಿಸಿಕೊಂಡು ನೀವು ಚೀನಾವನ್ನು ಒಂದೇ ಕೊಡೆಯಡಿ ತರಬೇಕು.

ಆಟಕ್ಕೆ ಎರಡು ಮುಖ. ಒಂದು ನಕ್ಷೆ: ಅಲ್ಲಿ ನಿಮ್ಮ ಸರದಿ (ಟರ್ನ್) ಬಂದಾಗಲೆಲ್ಲ ತೆರಿಗೆ, ಸಂಧಾನ, ಮದುವೆ, ಊರು ಕಟ್ಟುವ ಕೆಲಸ. ಇನ್ನೊಂದು ರಣರಂಗ: ಅಲ್ಲಿ ಸಾವಿರಾರು ಸೈನಿಕರು ಕಣ್ಣೆದುರೇ ಬಡಿದಾಡುತ್ತಾರೆ. ಯೂಟ್ಯೂಬ್‌ನಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಗೆಲುವು ಸೋಲು ತೀರ್ಮಾನವಾಗುವುದು ಮಾತ್ರ ಮೊದಲನೆಯದರಲ್ಲಿ. ಈ ಆಟವನ್ನು ಬಹುಕಾಲದಿಂದ ಆಡುತ್ತಿರುವವನಾಗಿ ಕೆಲವು ಪಾಠಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಹೆಸರುಗಳಿಗೊಂದು ನೋಟ್‌ಬುಕ್ ಇಡಿ

ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಯುವಾನ್ ಶಾವೊ, ಯುವಾನ್ ಶು ಇಬ್ಬರೂ ಒಂದೇ ಮನೆಯವರು, ಆದರೆ ಒಬ್ಬರ ಮುಖ ಒಬ್ಬರು ನೋಡರು. ಲಿಯು ಬೇ, ಲಿಯು ಬಿಯಾವೊ ಹಾನ್ ರಾಜವಂಶದ ಕವಲುಗಳು. ಸಿಂಹಾಸನದ ಮೇಲೆ ಕೂತ ಹುಡುಗನೂ ಲಿಯು. ಹೆಸರು ಹತ್ತಿರವಿದ್ದ ಮಾತ್ರಕ್ಕೆ ಒಬ್ಬರ ಪರ ಇನ್ನೊಬ್ಬರು ನಿಲ್ಲುತ್ತಾರೆಂದು ತಿಳಿಯಬೇಡಿ. ಯಾರು ಯಾರ ಕಡೆ, ಯಾರಿಗೆ ಯಾರ ಮೇಲೆ ಹಗೆ ಎಂದು ಪುಟ್ಟದಾಗಿ ಬರೆದಿಟ್ಟುಕೊಂಡರೆ ಆಟದ ಅರ್ಧ ಗೊಂದಲ ತೀರುತ್ತದೆ.

2. ಊರು ದೊಡ್ಡದು ಮಾಡುವ ಆತುರ ಬೇಡ

ಹೊಸಬರು ಎಡವುವುದು ಇಲ್ಲೇ. ಕೈಯಲ್ಲಿ ಹಣವಿದೆ, ನಗರವನ್ನು ಮುಂದಿನ ಹಂತಕ್ಕೆ ಏರಿಸುವ ಗುಂಡಿ ಹೊಳೆಯುತ್ತಿದೆ. ಒತ್ತಿದರೆ ನಗರ ಬೆಳೆಯುತ್ತದೆ, ಅದರ ಹೊಟ್ಟೆಯೂ ಬೆಳೆಯುತ್ತದೆ. ಪ್ರತಿ ಹಂತಕ್ಕೂ ನಗರ ತಿನ್ನುವ ಧಾನ್ಯ ಜಾಸ್ತಿಯಾಗುತ್ತ ಹೋಗುತ್ತದೆ. ಪರದೆಯ ಮೇಲಿನ ಧಾನ್ಯದ ಲೆಕ್ಕ ಕೆಂಪಿಗೆ ಇಳಿದರೆ ಊರುಗಳಲ್ಲಿ ಅಸಮಾಧಾನ, ಸೈನ್ಯಕ್ಕೆ ಬುತ್ತಿ ಇಲ್ಲ, ಕೊನೆಗೆ ದಂಗೆ. ಒಂದು ಯುದ್ಧವನ್ನೂ ಸೋಲದೆ ರಾಜ್ಯ ಕಳೆದುಕೊಳ್ಳುವ ದಾರಿ ಇದು.

ಆದ್ದರಿಂದ ನೆರೆಯವನ ಕೋಟೆಗಿಂತ ನೆರೆಯವನ ಹೊಲದ ಮೇಲೆ ಕಣ್ಣಿರಲಿ. ಇಲ್ಲಿ ಪ್ರತಿ ಪ್ರಾಂತ್ಯಕ್ಕೂ ಒಂದು ಮುಖ್ಯ ನಗರ, ಅದರ ಸುತ್ತ ಹೊಲವೋ ಕಬ್ಬಿಣದ ಗಣಿಯೋ ಮೀನುಗಾರರ ಬಂದರೋ ಇರುತ್ತದೆ. ಆರಂಭದಲ್ಲಿ ಆರಿಸುವ ಅವಕಾಶ ಬಂದಾಗಲೆಲ್ಲ ನಾನು ಹೊಲವನ್ನೇ ಹಿಡಿಯುತ್ತೇನೆ. ಆಟದ ವರ್ಷಕ್ಕೆ ಐದು ಟರ್ನ್: ವಸಂತ, ಬೇಸಿಗೆ, ಸುಗ್ಗಿ, ಶರತ್ಕಾಲ, ಚಳಿಗಾಲ. ಹೀಗೆ ಐದು ಟರ್ನ್‌ಗೆ, ಅಂದರೆ ವರ್ಷಕ್ಕೊಮ್ಮೆ, ಸಿಗುವ ಆಡಳಿತ ಸುಧಾರಣೆಗಳಲ್ಲಿ ಮೊದಲ ಕೆಲವನ್ನು ಕೃಷಿಗೇ ಕೊಡಿ.

ಮಿಕ್ಕ ಧಾನ್ಯವನ್ನು ಮಾರಬಹುದು. ಕಂಪ್ಯೂಟರ್ ಆಡಿಸುವ ದೊರೆಗಳು ನಗರ ಬೆಳೆಸುವ ಹುಮ್ಮಸ್ಸಿನಲ್ಲಿ ಆಗಾಗ ಹಸಿವಿಗೆ ಬೀಳುತ್ತಾರೆ. ಅಂಥವರ ಬಳಿ ಸಂಧಾನಕ್ಕೆ ಕೂತು ಧಾನ್ಯ ಕೊಡುತ್ತೇನೆ ಎನ್ನಿ. ಪ್ರತಿ ಟರ್ನ್‌ಗೂ ಇಷ್ಟು ಹಣ ಎಂದು ಒಪ್ಪಿಕೊಳ್ಳುತ್ತಾರೆ. ಒಂದು ಪಡೆಯ ಸಂಬಳ ಹೀಗೇ ಹುಟ್ಟುತ್ತದೆ.

ಧಾನ್ಯಕ್ಕೆ ಇಷ್ಟು ಮಹತ್ವ ಎಂಬುದು ಆಟ ಮಾಡಿದವರ ಕಲ್ಪನೆಯಲ್ಲ. ಈ ದೊರೆಗಳಲ್ಲೊಬ್ಬನಾದ ತ್ಸಾವೊ ತ್ಸಾವೊ 196ರಲ್ಲಿ ಶು ಪಟ್ಟಣದ ಸುತ್ತ ಪಾಳುಬಿದ್ದ ಜಮೀನಿನಲ್ಲಿ ಯುದ್ಧದಿಂದ ದಿಕ್ಕೆಟ್ಟ ಜನರನ್ನು ಕೂರಿಸಿ ಬೇಸಾಯ ಮಾಡಿಸಿದ, ಬೆಳೆಯ ಪಾಲನ್ನು ಸೈನ್ಯದ ಕಣಜಕ್ಕೆ ತುಂಬಿಸಿದ. ನಾಲ್ಕು ವರ್ಷದ ನಂತರ, 200ರಲ್ಲಿ, ಗುವಾಂಡು ಎಂಬಲ್ಲಿ ತನಗಿಂತ ಬಹಳ ದೊಡ್ಡ ಸೈನ್ಯವಿದ್ದ ಯುವಾನ್ ಶಾವೊನನ್ನು ಸೋಲಿಸಿದ. ಸೋಲಿಸಿದ್ದು ಹೇಗೆ? ವುಚಾವೊದಲ್ಲಿ ಶತ್ರು ಕೂಡಿಟ್ಟಿದ್ದ ಧಾನ್ಯಕ್ಕೆ ರಾತ್ರಿ ಬೆಂಕಿ ಇಟ್ಟು.

3. ಗಡಿ ದಾಟಿದ ಸೈನ್ಯದ ಬುತ್ತಿ ಎಣಿಸುತ್ತಿರಿ

ಪ್ರತಿ ಪಡೆಗೂ ಬುತ್ತಿಯ ಅಂಕಿಯೊಂದಿರುತ್ತದೆ. ಸ್ವಂತ ನೆಲದಲ್ಲಿ ಏರುತ್ತದೆ, ಶತ್ರುವಿನ ನೆಲದಲ್ಲಿ ಪ್ರತಿ ಟರ್ನ್‌ಗೂ ಇಳಿಯುತ್ತದೆ. ಸೊನ್ನೆ ಮುಟ್ಟಿತೋ, ಒಂದು ಬಾಣವನ್ನೂ ಬಿಡದೆ ಸೈನಿಕರು ಕರಗತೊಡಗುತ್ತಾರೆ. ಹೊರಡುವ ಮುಂಚೆಯೇ ಗುರಿ ಎಷ್ಟು ಟರ್ನ್ ದೂರ, ಮುತ್ತಿಗೆ ಎಷ್ಟು ಟರ್ನ್ ಹಿಡಿಯಬಹುದು, ಅಲ್ಲಿಂದ ಮರಳಲು ಎಷ್ಟು ಎಂದು ಕೂಡಿಸಿ ನೋಡಿ. ಲೆಕ್ಕ ಬಿಗಿಯಾಯಿತು ಅನ್ನಿಸಿದರೆ ಹೋಗಬೇಡಿ.

ಮುಂದೆ ಲಿಯು ಬೇ ಕಟ್ಟಿದ ಶು ರಾಜ್ಯದ ಮಂತ್ರಿ ಝುಗೆ ಲಿಯಾಂಗ್‌ನನ್ನು ಕತೆಗಳು ಗಾಳಿಯನ್ನೂ ಆಳುವ ಮಾಯಾವಿಯನ್ನಾಗಿ ಮಾಡಿವೆ. ಆ ಮಾಯಾವಿಯೂ 231ರ ಉತ್ತರದ ದಂಡಯಾತ್ರೆಯನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಿದ್ದು ಬೆಟ್ಟದ ದಾರಿಯಲ್ಲಿ ಧಾನ್ಯ ಬರಲಿಲ್ಲವೆಂದು.

4. ಸೇನಾನಿಯ ಮುಖದ ಪಕ್ಕದ ಅಂಕಿ

ಒಂದು ಪಡೆಯಲ್ಲಿ ಮೂವರು ಸೇನಾನಿಗಳು, ಒಬ್ಬೊಬ್ಬರ ಕೈಕೆಳಗೆ ಆರು ತುಕಡಿ. ಈ ತುಕಡಿಗಳು ನಿಮ್ಮವಲ್ಲ, ಸೇನಾನಿಯವು. ಅವನು ಮುನಿಸಿಕೊಂಡು ಹೊರಟರೆ ಆರೂ ತುಕಡಿ ಅವನ ಹಿಂದೆಯೇ ಹೋಗುತ್ತವೆ. ನೀವು ಹಣ ಸುರಿದು ಪಳಗಿಸಿದ ಕುದುರೆ ಸವಾರರು ಮುಂದಿನ ವರ್ಷ ಎದುರು ಸಾಲಿನಲ್ಲಿ ನಿಂತಿರುತ್ತಾರೆ. ಯುದ್ಧದ ಆಟಗಳಲ್ಲಿ ಇದಕ್ಕಿಂತ ಜಾಣ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಆಸ್ಥಾನದ ಪುಟ ತೆರೆದು ಸೇನಾನಿಯ ಸಮಾಧಾನದ ಅಂಕಿಯ ಮೇಲೆ ಮೌಸ್ ಇಡಿ. ಕಾರಣಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಯೋಗ್ಯತೆಗೆ ತಕ್ಕ ಹುದ್ದೆ ಸಿಕ್ಕಿಲ್ಲವೆಂಬ ಬೇಸರಕ್ಕೆ ಇಷ್ಟು ಕಳೆ, ಗೆಳೆಯ ಇದೇ ಪಡೆಯಲ್ಲಿದ್ದಾನೆ ಎಂಬುದಕ್ಕೆ ಇಷ್ಟು ಕೂಡು, ಹಗೆಯವನೂ ಇದೇ ಪಡೆಯಲ್ಲಿದ್ದಾನೆ ಎಂಬುದಕ್ಕೆ ಮತ್ತೆ ಕಳೆ. ಇದನ್ನು ಓದದೆ ಮೂವರನ್ನು ಒಂದು ಪಡೆಗೆ ಹಾಕಬೇಡಿ. ಜೊತೆಯಲ್ಲಿ ಗೆದ್ದವರು ಕ್ರಮೇಣ ಸ್ನೇಹಿತರಾಗುತ್ತಾರೆ. ಅಂಥ ಮೂವರನ್ನು ಬೇರೆ ಮಾಡದಿರುವುದೇ ಲೇಸು. ಅಸಮಾಧಾನ ಹೆಚ್ಚಿದವನಿಗೆ ಹುದ್ದೆಯೋ ಪ್ರಾಂತ್ಯದ ಆಡಳಿತವೋ ಕೊಡಿ. ಹುದ್ದೆ ಎಲ್ಲರಿಗೂ ಸಾಲುವುದಿಲ್ಲ, ಆದ್ದರಿಂದ ಸಿಕ್ಕ ಸಿಕ್ಕ ಶೂರರನ್ನೆಲ್ಲ ಕೆಲಸಕ್ಕೆ ಸೇರಿಸಿಕೊಳ್ಳುವುದೂ ತಪ್ಪು. ಸುಮ್ಮನೆ ಕೂತವನಿಗೂ ಸಂಬಳ ಹೋಗುತ್ತಲೇ ಇರುತ್ತದೆ.

ಇನ್ನು ಲೂ ಬು ಎಂಬ ಸೇನಾನಿ. ಆಟದಲ್ಲಿ ಅವನಷ್ಟು ಬಲಶಾಲಿ ಇನ್ನೊಬ್ಬನಿಲ್ಲ, ಅವನಷ್ಟು ನಂಬಿಕೆಗೆಟ್ಟವನೂ ಇಲ್ಲ. ನಿಜದ ಲೂ ಬು ಮೊದಲ ಒಡೆಯ ಡಿಂಗ್ ಯುವಾನ್‌ನನ್ನು ಕೊಂದು ಡಾಂಗ್ ಜುವೊನ ಬಳಿ ಸೇರಿದ, 192ರಲ್ಲಿ ಡಾಂಗ್ ಜುವೊನನ್ನೂ ಕೊಂದ. ಕೊನೆಗೆ ಶಿಯಾಪಿಯಲ್ಲಿ ಸೆರೆಸಿಕ್ಕು, ನಿಮ್ಮ ಸೇವೆ ಮಾಡುತ್ತೇನೆಂದು ತ್ಸಾವೊ ತ್ಸಾವೊನಿಗೆ ಹೇಳಿದಾಗ ಪಕ್ಕದಲ್ಲಿದ್ದ ಲಿಯು ಬೇ ಈ ಎರಡು ಹೆಸರುಗಳನ್ನು ನೆನಪಿಸಿದ; ಅಲ್ಲಿಗೆ ಲೂ ಬುವಿನ ಕತೆ ಮುಗಿಯಿತು. ನಿಮ್ಮ ಬಾಗಿಲಿಗೆ ಅವನು ಬಂದರೆ ನೀವೂ ಆ ಎರಡು ಹೆಸರು ನೆನೆಸಿಕೊಳ್ಳಿ.

5. ಎಲ್ಲರ ಜೊತೆ ಜಗಳ ಬೇಡ

ಒಂದು ಕಡೆ ಯುದ್ಧ ಹೂಡುವ ಮುಂಚೆ ಉಳಿದ ಮೂರು ಕಡೆ ‘ಮೇಲೆ ಬೀಳುವುದಿಲ್ಲ’ ಎಂಬ ಒಪ್ಪಂದ ಮಾಡಿಕೊಳ್ಳಿ. ಹಣ ಬೇಕಿಲ್ಲ, ಒಂದು ಕುದುರೆ, ಒಂದು ಒಳ್ಳೆಯ ಕತ್ತಿ, ಸ್ವಲ್ಪ ಧಾನ್ಯ ಸಾಕಾಗುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ಈ ದೊರೆಗಳು ನಿಸ್ಸೀಮರು: ನೀವು ಎರಡು ಕದನ ಗೆದ್ದೊಡನೆ ನಿನ್ನೆ ಮಾತೇ ಆಡದವನು ಮದುವೆಯ ಪ್ರಸ್ತಾಪ ತರುತ್ತಾನೆ. ಆದರೆ ಮಾತು ಮುರಿದರೆ ಎಲ್ಲರಿಗೂ ನೆನಪಿರುತ್ತದೆ. ಒಪ್ಪಂದ ಮುರಿದು ಒಂದು ಊರು ಗೆದ್ದವನ ಜೊತೆ ಆಮೇಲೆ ಯಾರೂ ವ್ಯವಹಾರಕ್ಕೆ ಬರುವುದಿಲ್ಲ.

6. ದ್ವಂದ್ವಯುದ್ಧ ಮಜಾ, ಆದರೆ ಯಾರನ್ನು ಕಳಿಸುತ್ತೀರಿ?

ಆಟವನ್ನು ಎರಡು ಬಗೆಯಲ್ಲಿ ಆಡಬಹುದು. ‘ರೆಕಾರ್ಡ್ಸ್’ ಎಂಬುದು 3ನೇ ಶತಮಾನದ ಚೆನ್ ಶೌ ಬರೆದ ಇತಿಹಾಸದ ಹೆಸರಿನದು. ಅಲ್ಲಿ ಸೇನಾನಿಯೂ ಮನುಷ್ಯನೇ, ಅಂಗರಕ್ಷಕರ ನಡುವೆ ಇರುತ್ತಾನೆ. ‘ರೊಮಾನ್ಸ್’ ಎಂಬುದು 14ನೇ ಶತಮಾನದ ಕಾದಂಬರಿಯ ಹೆಸರಿನದು. ಅಲ್ಲಿ ಸೇನಾನಿ ಒಬ್ಬನೇ ನುಗ್ಗಿ ನೂರಾರು ಜನರನ್ನು ಕೆಡಹುತ್ತಾನೆ, ಎದುರಾಳಿಯನ್ನು ದ್ವಂದ್ವಕ್ಕೆ ಕರೆಯುತ್ತಾನೆ. ಭೀಮ ದುರ್ಯೋಧನರ ಗದಾಯುದ್ಧಕ್ಕೆ ಬಿಟ್ಟುಕೊಟ್ಟ ಹಾಗೆ ಸುತ್ತಲಿನವರು ಇಬ್ಬರಿಗೂ ಜಾಗ ಬಿಡುತ್ತಾರೆ.

ನಾನು ರೊಮಾನ್ಸ್ ಪಕ್ಷ. ಇತಿಹಾಸ ಬೇಕೆನ್ನುವವರು ಮೂಗು ಮುರಿಯಲಿ. ಆದರೆ ಒಂದು ಎಚ್ಚರಿಕೆ: ತಂತ್ರಗಾರರ ವರ್ಗದ ಸೇನಾನಿಯನ್ನು ಎಂದೂ ದ್ವಂದ್ವಕ್ಕೆ ಬಿಡಬೇಡಿ. ಅವನ ಕೆಲಸ ಬಿಲ್ಲುಗಾರರ ಹಿಂದೆ. ಕಲ್ಲೆಸೆಯುವ ಯಂತ್ರಗಳು, ಕೆಲವು ವ್ಯೂಹಗಳು ಸಿಗುವುದೇ ಅವನಿಂದ. ದ್ವಂದ್ವಕ್ಕೆಂದೇ ಇರುವವರು ಹಸಿರು ಬಣ್ಣದಿಂದ ಗುರುತಿಸುವ ಚಾಂಪಿಯನ್ ವರ್ಗದವರು. ಸೇನಾನಿ ಬಿದ್ದರೆ ಅವನ ಸೈನಿಕರ ಎದೆಗಾರಿಕೆಯೂ ಬೀಳುತ್ತದೆ, ಸಾಲು ಒಡೆದು ಓಡುತ್ತಾರೆ.

7. ಗುಡ್ಡ ಹತ್ತಿದ ಮಾತ್ರಕ್ಕೆ ಗೆಲುವಲ್ಲ

ಎತ್ತರದಲ್ಲಿ ನಿಂತರೆ ಬಾಣ ದೂರ ಹೋಗುತ್ತದೆ, ನಿಜ. ಆದರೆ ಗುಡ್ಡದ ತುದಿಗೆ ಇಡೀ ಸೈನ್ಯವನ್ನು ಹತ್ತಿಸಿ ಕೂರುವವರು 228ರ ಜಿಯೆಟಿಂಗ್ ಕದನದ ಕತೆ ಕೇಳಬೇಕು. ಝುಗೆ ಲಿಯಾಂಗ್ ಕಳಿಸಿದ ಸೇನಾನಿ ಮಾ ಸು ಗುಡ್ಡದ ಮೇಲೆ ಪಾಳೆಯ ಬಿಟ್ಟ; ತ್ಸಾವೊ ತ್ಸಾವೊನ ವಂಶ ಆಳುತ್ತಿದ್ದ ಶತ್ರುರಾಜ್ಯ ವೇಯ ಸೇನಾನಿ ಝಾಂಗ್ ಹೆ ಕೆಳಗೆ ನೀರಿನ ದಾರಿ ಕಟ್ಟಿದ, ಆಮೇಲೆ ಬಾಯಾರಿದ ಸೈನ್ಯವನ್ನು ಮುರಿದ. ಆಟದಲ್ಲಿ ಬಾಯಾರಿಕೆ ಇಲ್ಲ, ಆದರೆ ಸುತ್ತುವರಿಯುವಿಕೆ ಇದೆ.

ನಾನು ಸೈನ್ಯ ನಿಲ್ಲಿಸುವುದು ಹೀಗೆ. ಇಳಿಜಾರಿನ ಮಧ್ಯದಲ್ಲಿ ಈಟಿಯವರ ಸಾಲು, ಅವರ ಹಿಂದೆ ಮೇಲ್ಭಾಗದಲ್ಲಿ ಬಿಲ್ಲುಗಾರರು, ಒಂದು ಪಕ್ಕದ ಕಾಡಿನೊಳಗೆ ಎರಡು ಕುದುರೆ ತುಕಡಿ. ಮರಗಳ ನಡುವೆ ಅಲುಗಾಡದೆ ನಿಂತ ಕುದುರೆಗಳು ಶತ್ರುವಿಗೆ ಕಾಣುವುದಿಲ್ಲ. ಎದುರಿನ ಅಶ್ವದಳ ಏರಿ ಬರುವಾಗ ಈಟಿಯವರನ್ನು ಮುಂದೆ ಓಡಿಸಬೇಡಿ, ನಿಂತಲ್ಲೇ ನಿಲ್ಲಲಿ. ನಿಂತ ಈಟಿಗೆ ಮಾತ್ರ ನುಗ್ಗಿ ಬಂದ ಕುದುರೆಯನ್ನು ತಡೆಯುವ ಶಕ್ತಿ. ಎರಡೂ ಸಾಲು ಕಚ್ಚಿಕೊಂಡ ಮೇಲೆ ಕಾಡಿನಿಂದ ಕುದುರೆ ಬಿಡಿ, ಬೆನ್ನಿಗೆ ಹೊಡೆಯಲಿ. ಹೊಡೆದು ಅಲ್ಲೇ ನಿಂತರೆ ಸಾಯುತ್ತವೆ. ಹಿಂದಕ್ಕೆ ಎಳೆದುಕೊಂಡು, ದೂರದಿಂದ ಮತ್ತೊಮ್ಮೆ ನುಗ್ಗಿಸಬೇಕು. ಬಿಲ್ಲುಗಾರರ ಬೆಂಕಿಬಾಣವನ್ನು ನಿಮ್ಮವರೇ ಕಾಡಿನಲ್ಲಿದ್ದಾಗ ಬಳಸಬೇಡಿ, ಮರಗಳಿಗೆ ಬೆಂಕಿ ಹತ್ತುತ್ತದೆ.

ಓಡುತ್ತಿರುವವರನ್ನು ಅಟ್ಟಿಸಿಕೊಂಡು ಹೋಗುವುದಕ್ಕೂ ಮಿತಿ ಇರಲಿ. ಜಿಯೆಟಿಂಗ್ ಗೆದ್ದ ಅದೇ ಝಾಂಗ್ ಹೆ, 231ರಲ್ಲಿ ಹಿಂತಿರುಗುತ್ತಿದ್ದ ಶು ಸೈನ್ಯವನ್ನು ಬೆನ್ನಟ್ಟಿ ಹೋಗಿ ಬಾಣ ತಗುಲಿ ಸತ್ತ.

8. ಕೆಲಸ ಕೇಳಿ ಬಂದವರೆಲ್ಲ ನಿಮ್ಮವರಲ್ಲ

ನಿಮ್ಮ ಆಸ್ಥಾನಕ್ಕೆ ಸೇರಲು ಬಂದವರಲ್ಲಿ ಶತ್ರುವಿನ ಗೂಢಚಾರ ಇರಬಹುದು. ನೀವೂ ಹಾಗೆ ಕಳಿಸಬಹುದು. ತಾಳ್ಮೆ ಇದ್ದರೆ, ನೀವು ಕಳಿಸಿದವನು ಅಲ್ಲಿ ಸೇನಾನಿಯೋ ಮಂತ್ರಿಯೋ ಆಗುವವರೆಗೆ ಕಾಯಿರಿ; ಹುದ್ದೆ ದೊಡ್ಡದಾದಷ್ಟೂ ಅವನು ಮಾಡಬಲ್ಲ ಹಾನಿಯೂ ದೊಡ್ಡದು.

9. ಪದವಿ ಏರುವ ಮುನ್ನ ಮನೆ ಸರಿಮಾಡಿಕೊಳ್ಳಿ

ಕೀರ್ತಿ ಹೆಚ್ಚಿದಂತೆ ಪದವಿ ಏರುತ್ತದೆ, ಕೊನೆಗೆ ನೀವು ಸಿಂಹಾಸನಕ್ಕೆ ಹಕ್ಕುದಾರರು. ಆಗ ಇನ್ನಿಬ್ಬರು ಬಲಿಷ್ಠರೂ ಸಿಂಹಾಸನ ಏರುತ್ತಾರೆ. ಆಟದ ಹೆಸರಿನಲ್ಲಿರುವ ಮೂರು ರಾಜ್ಯಗಳು ಇವೇ. ಅಲ್ಲಿಯವರೆಗೆ ನಕ್ಕು ಮಾತಾಡುತ್ತಿದ್ದವರೊಡನೆ ಯುದ್ಧ ತಪ್ಪಿದ್ದಲ್ಲ. ಇದೇ ಹೊತ್ತಿಗೆ ರಾಜ್ಯ ಹಿಗ್ಗಿದಷ್ಟೂ ಭ್ರಷ್ಟಾಚಾರ ತೆರಿಗೆಯನ್ನು ತಿನ್ನುತ್ತಿರುತ್ತದೆ. ಆದ್ದರಿಂದ ಕೊನೆಯ ಪದವಿಗೆ ಒಂದೆರಡು ವರ್ಷ ಮುಂಚೆಯೇ ಯುದ್ಧ ನಿಲ್ಲಿಸಿ, ಬೇಡದ ಪಡೆಗಳನ್ನು ಮನೆಗೆ ಕಳಿಸಿ ಖರ್ಚು ಉಳಿಸಿ, ಭ್ರಷ್ಟಾಚಾರ ತಗ್ಗಿಸುವ ಕಟ್ಟಡ ಕಟ್ಟಿ, ಇಬ್ಬರು ಪ್ರತಿಸ್ಪರ್ಧಿಗಳಲ್ಲಿ ಹತ್ತಿರದವನ ಗಡಿಗೆ ಎರಡು ಪಡೆ ತಂದಿಟ್ಟುಕೊಳ್ಳಿ. ಆಟದ ಈ ಕೊನೆಯ ಭಾಗ ಮೊದಲಿನಷ್ಟು ರುಚಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಅಷ್ಟು ಹೊತ್ತಿಗೆ ನಕ್ಷೆ ತೀರಾ ದೊಡ್ಡದಾಗಿರುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಈ ಆಟಕ್ಕೆ ಹೊಸ ಹೆಚ್ಚುವರಿ ಕಂತುಗಳನ್ನು (ಡಿಎಲ್‌ಸಿ) ತರುವುದಿಲ್ಲವೆಂದು ತಯಾರಕರು 2021ರಲ್ಲೇ ಹೇಳಿದರು. ಈ ಕಾಲದ ಹೆಸರಾಂತ ಕದನವಾದ 208ರ ಕೆಂಪು ಬಂಡೆಗಳ ಕದನದಿಂದ ಶುರುವಾಗುವ ಅಧ್ಯಾಯ ಬರಲೇ ಇಲ್ಲ. ಇರುವುದರಲ್ಲಿ ಮೂಲ ಆಟವೇ ಸಾಕಷ್ಟಿದೆ, ಮೊದಲ ಸಲಕ್ಕೆ ತ್ಸಾವೊ ತ್ಸಾವೊನನ್ನು ಆರಿಸಿಕೊಳ್ಳಿ. ಕಂತುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ 194ರಿಂದ ಶುರುವಾಗುವ ‘ಎ ವರ್ಲ್ಡ್ ಬಿಟ್ರೇಡ್’ ಕೊಳ್ಳಿ. ನೂರು ವರ್ಷ ಮುಂದಕ್ಕೆ ಹಾರುವ ‘ಎಯ್ಟ್ ಪ್ರಿನ್ಸಸ್’ಗೆ ದುಡ್ಡು ಹಾಕಬೇಡಿ.