ವನ್ಯಪರಿಸರ ಚಿಕಿತ್ಸೆ: ಯಾವ ಮಗುವಿಗೆ, ಯಾರ ಒಪ್ಪಿಗೆಯಿಂದ?

ಶಾಲೆ ತೊರೆದ, ಮನೆಯಲ್ಲಿ ಮಾತು ನಿಲ್ಲಿಸಿದ, ಮಾದಕ ವಸ್ತುಗಳ ಕಡೆಗೆ ವಾಲಿದ ಹದಿಹರೆಯದವರನ್ನು ಎಂಟು ಹತ್ತು ವಾರ ಮರುಭೂಮಿಯಲ್ಲೋ ಕಾಡಿನಲ್ಲೋ ಇರಿಸಿ, ದೀರ್ಘ ನಡಿಗೆ, ಬಯಲು ವಾಸ ಹಾಗೂ ಆಪ್ತಸಮಾಲೋಚನೆಗಳಿಂದ ತಿದ್ದುವ ಕ್ರಮವೊಂದು ಅಮೆರಿಕದಲ್ಲಿದೆ. ಅದನ್ನು ವನ್ಯಪರಿಸರ ಚಿಕಿತ್ಸೆ ಎನ್ನುತ್ತಾರೆ. ಮಗನನ್ನು ಇಂಥಲ್ಲಿಗೆ ಕಳುಹಿಸಬೇಕೆ ಎಂಬ ಪ್ರಶ್ನೆ ಅಲ್ಲಿನ ಪಾಲಕರನ್ನು ಹಲವು ದಶಕಗಳಿಂದ ಕಾಡಿದೆ. ಅವರ ಅನುಭವದಲ್ಲಿ ನಮ್ಮ ಶಿಕ್ಷಕರು ಗಮನಿಸಬೇಕಾದುದು ಬಹಳವಿದೆ.

ಇದರ ಮೂಲ ಶಿಕ್ಷಣದಲ್ಲಿಯೇ ಇದೆ. ಜರ್ಮನಿಯಿಂದ ಬ್ರಿಟನ್ನಿಗೆ ಬಂದ ಶಿಕ್ಷಣತಜ್ಞ ಕುರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆಯ ಸ್ಥಾಪನೆಗೆ ಕಾರಣರಾದರು. ಕಷ್ಟವನ್ನು ಎದುರಿಸಿದ ತರುಣರಲ್ಲಿ ಆತ್ಮವಿಶ್ವಾಸ ಬೆಳೆಯುತ್ತದೆಂಬುದು ಅದರ ನಂಬಿಕೆ. 1960ರ ದಶಕದ ಕೊನೆಗೆ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳನ್ನು ಮರುಭೂಮಿಯ ನಡಿಗೆಗೆ ಒಯ್ದಿತು. ಅನಂತರ ಅದೇ ರಾಜ್ಯದಲ್ಲಿ ಖಾಸಗಿ ಶಿಬಿರಗಳು ತಲೆಯೆತ್ತಿದವು. ಇಷ್ಟರಲ್ಲಿ ಒಂದು ಮುಖ್ಯ ವ್ಯತ್ಯಾಸ ನುಸುಳಿತ್ತು. ಹಾನ್ ಅವರ ತರುಣರು ಕಲಿಯಲು ಬಂದವರು. ಶಿಬಿರಗಳ ಮಕ್ಕಳಲ್ಲಿ ಅನೇಕರನ್ನು ಪಾಲಕರು ಗೊತ್ತುಮಾಡಿದ ಬಾಡಿಗೆಯ ಕಾವಲುಗಾರರು ನಸುಕಿನಲ್ಲಿ ಹಾಸಿಗೆಯಿಂದೆಬ್ಬಿಸಿ ಕರೆದೊಯ್ಯುತ್ತಿದ್ದರು.

ಪರಿಣಾಮವೇನು? ಕೆಲವರು ಚೇತರಿಸಿಕೊಂಡುದು ನಿಜ. ಆದರೆ ಫಲಿತಾಂಶದ ಅಧ್ಯಯನಗಳಲ್ಲಿ ಹೆಚ್ಚಿನವು ಶಿಬಿರಗಳ ಸಹಕಾರದಿಂದಲೇ ನಡೆದವು. ಶಿಬಿರಕ್ಕೆ ಹೋಗದ ಅಂಥದೇ ಮಕ್ಕಳೊಡನೆ ಹೋಲಿಸಿ ನೋಡಿದವು ವಿರಳ. 2007ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು ಇಂಥ ಶಿಬಿರಗಳನ್ನೂ ವಸತಿ ಕೇಂದ್ರಗಳನ್ನೂ ಕುರಿತು ವರದಿ ನೀಡಿ, ಹತ್ತು ಮಕ್ಕಳ ಸಾವುಗಳನ್ನು ವಿವರವಾಗಿ ಪರಿಶೀಲಿಸಿತು. 1990ರಲ್ಲಿ ಬಾಲಕಿಯೊಬ್ಬಳು ಬಿಸಿಲ ನಡಿಗೆಯಲ್ಲಿ ಕುಸಿದು ತೀರಿಕೊಂಡಳು. 1994ರಲ್ಲಿ ಹದಿನಾರರ ಹುಡುಗನೊಬ್ಬ ಹೊಟ್ಟೆನೋವೆಂದು ದಿನಗಟ್ಟಲೆ ಗೋಗರೆದ. ನಟನೆಯೆಂದು ಸಿಬ್ಬಂದಿ ಕಡೆಗಣಿಸಿದರು. ಅವನ ಜಠರದ ಹುಣ್ಣು ಒಡೆದಿತ್ತು.

ಈ ‘ನಟನೆ’ ಎಂಬ ಮಾತಿನ ಮುಂದೆ ತುಸು ನಿಲ್ಲಬೇಕು. ಸುಳ್ಳುಗಾರನೆಂಬ ಹಣೆಪಟ್ಟಿ ಮೊದಲೇ ಅಂಟಿದ ಮಗುವಿನ ನೋವು ಯಾರಿಗೂ ಕೇಳಿಸದು. ನಮ್ಮ ತರಗತಿಗಳಲ್ಲಿಯೂ ತಲೆನೋವೆಂದು ಪದೇ ಪದೇ ಎದ್ದು ನಿಲ್ಲುವ ಹುಡುಗನಿಗೆ ದೊರೆಯುವ ಉತ್ತರ ಕೆಲವೊಮ್ಮೆ ಇದೇ ಆಗಿರುತ್ತದೆ.

ಆದುದರಿಂದ ನಿರ್ಧಾರಕ್ಕೆ ಮುನ್ನ ವಿಚಾರಿಸಬೇಕಾದುದು ಕಾಡಿನ ಸೊಬಗನ್ನಲ್ಲ. ಮಗುವನ್ನು ಸ್ವತಂತ್ರ ಮನೋವೈದ್ಯರು ಪರೀಕ್ಷಿಸಿದ್ದಾರೆಯೆ? ಮಗು ಒಪ್ಪಿದೆಯೆ? ತಾಯಿತಂದೆಯರೊಡನೆ ಅದು ಮುಚ್ಚುಮರೆಯಿಲ್ಲದೆ ಮಾತನಾಡಬಹುದೆ? ವೈದ್ಯರು ಎಷ್ಟು ಹೊತ್ತಿನಲ್ಲಿ ತಲುಪಬಲ್ಲರು? ಆತ್ಮಹತ್ಯೆಯ ಯೋಚನೆ, ಚಿತ್ತವಿಕಲತೆ, ಅನ್ನ ಬಿಡುವ ಕಾಯಿಲೆ ಇರುವವರಿಗೆ ಇದು ತಕ್ಕುದಲ್ಲ. ಮನೋರೋಗದ ಕೆಲವು ಔಷಧಿಗಳು ದೇಹದ ಬಿಸಿ ತಡೆಯುವ ಶಕ್ತಿಯನ್ನು ಕುಗ್ಗಿಸುವುದರಿಂದ ಬಿಸಿಲ ನಡಿಗೆ ಅಪಾಯಕಾರಿ. ಮನೆಯ ಕಲಹವೇ ಕಾರಣವಾಗಿದ್ದರಂತೂ ಹಿಂತಿರುಗುವ ಮಗು ಅದೇ ಮನೆಗೆ ಹಿಂತಿರುಗುತ್ತದೆ.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಬೇರೆಯೇ ದಾರಿ ಹಿಡಿದಿದೆ. ಅದರಂತೆ ಅಪ್ರಾಪ್ತ ವಯಸ್ಕರನ್ನು ಚಿಕಿತ್ಸಾಲಯಕ್ಕೆ ಸೇರಿಸಿಕೊಳ್ಳುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ. ಅದಕ್ಕೂ ಇಬ್ಬರು ಪರಿಣತರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು, ಮನೆಯ ಕಡೆಯವರೊಬ್ಬರು ಮಗುವಿನ ಜೊತೆಗಿರಬೇಕು. ಕೋಪಗೊಂಡ ತಂದೆಯು ‘ಎಲ್ಲಿಯಾದರೂ ದೂರ ಕಳುಹಿಸಿಬಿಡುತ್ತೇನೆ’ ಎಂದು ಶಾಲೆಗೆ ಬಂದಾಗ ಶಿಕ್ಷಕರು ಈ ಮಾತನ್ನು ತಿಳಿಸಬಹುದು.

ಕಾಸರಗೋಡಿನಲ್ಲಾಗಲಿ ಜತ್ತದಲ್ಲಾಗಲಿ ಆದೋನಿಯಲ್ಲಾಗಲಿ ಕನ್ನಡದ ಮಗುವಿಗೆ ಇನ್ನೊಂದು ತೊಡಕಿದೆ. ಹತ್ತಿರದ ಆಸ್ಪತ್ರೆಯ ಭಾಷೆ ಮನೆಯ ಭಾಷೆಯಾಗಿರುವುದಿಲ್ಲ. ದುಃಖವನ್ನು ಕಲಿತ ಭಾಷೆಯಲ್ಲಿ ಹೇಳುವ ಮಗು ಅರ್ಧವನ್ನಷ್ಟೇ ಹೇಳೀತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಮೊದಲ ಕರೆಯ ಹೊತ್ತಿಗೆ, ಮಗು ಬಯಸಿದರೆ, ಶಿಕ್ಷಕರು ಪಕ್ಕದಲ್ಲಿ ಕುಳಿತಿರಲಿ.