ಜೀಪಿಗೆ ಟೋ ಬಾರ್: ಕೊಳ್ಳುವ ಮೊದಲು ಟ್ರೈಲರ್ ತೂಗಿ

ಬೋರ್ಡೋ ದ್ರಾವಣದ ಟ್ಯಾಂಕು, ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು, ಕಣಕ್ಕೆ ಹೊರಟ ಕಾಫಿ ಹಣ್ಣು. ಟ್ರ್ಯಾಕ್ಟರ್ ತಿರುಗದ ತೋಟದ ದಾರಿಯಲ್ಲಿ ಇವನ್ನೆಲ್ಲ ಸಾಗಿಸಲು ಮಲೆನಾಡು, ಕೊಡಗಿನ ಬೆಳೆಗಾರರು ಫೋರ್ ವೀಲ್ ಡ್ರೈವ್ ಗಾಡಿಯ ಹಿಂದೆ ಚಿಕ್ಕ ಟ್ರೈಲರ್ ಕಟ್ಟುವುದುಂಟು. ಎಂಜಿನ್ನಿಗೆ ಎಳೆಯುವ ತಾಕತ್ತಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ತಾಕತ್ತೆಲ್ಲ ಟ್ರೈಲರ್‌ಗೆ ತಲುಪುವುದು ಟೋ ಬಾರ್ ಎಂಬ ಒಂದು ಕಬ್ಬಿಣದ ತುಂಡು ಮತ್ತು ಏಳೆಂಟು ಬೋಲ್ಟುಗಳ ಮೂಲಕ. ಇಳಿಜಾರಿನಲ್ಲಿ ಟ್ರೈಲರ್ ಗಾಡಿಯನ್ನು ದೂಡುವುದೂ ಅವುಗಳ ಮೂಲಕವೇ.

ಆಕ್ಸೆಸರಿ ಅಂಗಡಿಗಳಲ್ಲಿ ಟೋ ಬಾರ್ ಎಂದು ತೂಗುಹಾಕಿದ್ದೆಲ್ಲ ಟೋ ಬಾರ್ ಅಲ್ಲ. ಕೆಲವು ಹಿಂದಿನಿಂದ ಬಂದು ಗುದ್ದುವವರಿಂದ ಬಂಪರ್ ಉಳಿಸಲು ಇರುವಂಥವು, ಕೆಲವು ಬರೀ ಚಂದಕ್ಕೆ. ಪತ್ತೆ ಹಚ್ಚುವುದು ಕಷ್ಟವಿಲ್ಲ. ಗಾಡಿಯಡಿ ಮಲಗಿ ಬೋಲ್ಟುಗಳು ಎಲ್ಲಿಗೆ ಹೋಗುತ್ತವೆ ನೋಡಿ. ಬಂಪರಿನ ಬ್ರಾಕೆಟ್ಟಿಗೋ ತಗಡಿನ ನೆಲಕ್ಕೋ ಹೋಗಿದ್ದರೆ ಅದರ ಮಾತು ಬಿಡಿ. ನಿಜವಾದ ಟೋ ಬಾರಿನ ಎರಡು ಪಕ್ಕದ ಪ್ಲೇಟುಗಳು ಚಾಸಿಯ ಎರಡೂ ಉದ್ದದ ಹಳಿಗಳಿಗೆ ಬಿಗಿದಿರುತ್ತವೆ. ಅದರ ಮೇಲೆ ಎಷ್ಟು ಎಳೆಯಬಹುದು, ಟ್ರೈಲರಿನ ಕೊಂಡಿ ಕೂರುವ ಗುಂಡಿನ ಮೇಲೆ ಎಷ್ಟು ಭಾರ ಬೀಳಬಹುದು ಎಂದು ಕೊರೆದ ಫಲಕವೂ ಇರಬೇಕು. ಫಲಕವಿಲ್ಲದ ಮಾಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನಂತೂ ಮುಟ್ಟೆನು.

ಅಂಗಡಿಗೆ ಹೋಗುವ ಮೊದಲು ನಿಮ್ಮ ಟ್ರೈಲರಿನ ತೂಕ ಗೊತ್ತಿರಲಿ. 500 ಲೀಟರ್ ಟ್ಯಾಂಕನ್ನು ಎಲ್ಲರೂ ‘ಬರೀ ನೀರು’ ಅನ್ನುತ್ತಾರೆ. ಆ ಬರೀ ನೀರು ಅರ್ಧ ಟನ್. ಟ್ರೈಲರಿನ ಸ್ವಂತ ತೂಕ 250 ಕೆ.ಜಿ., ಪಂಪು, ಪೈಪು ಎಲ್ಲ ಸೇರಿ 50 ಎಂದುಕೊಂಡರೆ ಒಟ್ಟು 800 ಕೆ.ಜಿ. ಆಯಿತು. ಐದು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಇದು ಗಾಡಿಯನ್ನು ಸುಮಾರು 160 ಕೆ.ಜಿ. ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಇಳಿಯುವಾಗ ಅಷ್ಟೇ ಬಲದಿಂದ ಮುಂದಕ್ಕೆ ದೂಡುತ್ತದೆ. ಟ್ಯಾಂಕು ಅರ್ಧ ಖಾಲಿಯಾಗಿದ್ದರೆ ಒಳಗಿನ ನೀರು ಹೊಯ್ದಾಡಿ ಇನ್ನಷ್ಟು ಕಾಟ ಕೊಡುತ್ತದೆ. ಒಳಗೆ ಅಡ್ಡಗೋಡೆಗಳಿರುವ ಟ್ಯಾಂಕೇ ಒಳ್ಳೆಯದು.

ಟ್ರೈಲರ್‌ಗೆ ತನ್ನದೇ ಬ್ರೇಕ್ ಇದೆಯೇ ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ ಮಾರುವ ಮೂರು ಬಾಗಿಲಿನ ಜಿಮ್ನಿಗೆ ಕಂಪನಿ ಹೇಳುವ ಮಿತಿ ಬ್ರೇಕ್ ಇರುವ ಟ್ರೈಲರ್ ಆದರೆ 1300 ಕೆ.ಜಿ., ಇಲ್ಲದಿದ್ದರೆ ಬರೀ 350. ಗಾಡಿ ಒಂದೇ, ಎಂಜಿನ್ ಒಂದೇ. ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ ಅನ್ನುವುದಕ್ಕೆ ಈ ಎರಡು ಅಂಕಿಗಳೇ ಸಾಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಈ ಮಿತಿ ಕಾಣದಿದ್ದರೆ ಡೀಲರ್ ಮೂಲಕ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಗಾಡಿ, ಬಾರ್, ಗುಂಡು, ಟ್ರೈಲರಿನ ಕೊಂಡಿ ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ.

ಇನ್ನು ಮೂಕಿ ಭಾರ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೈಲರಿನ ಒಟ್ಟು ತೂಕದ ಶೇ. 5ರಿಂದ 10ರಷ್ಟು ಗುಂಡಿನ ಮೇಲೆ ಕೂರಬೇಕು, ಅಂದರೆ ನಮ್ಮ ಲೆಕ್ಕದಲ್ಲಿ 40ರಿಂದ 80 ಕೆ.ಜಿ. ಅಳೆಯಲು ಕಣದಲ್ಲಿ ಕಾಫಿ ಚೀಲ ತೂಗುವ ತಕ್ಕಡಿಯೇ ಸಾಕು. ತುಂಬಿದ ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ತಕ್ಕಡಿಯ ಮೇಲೆ ಮರದ ದಿಮ್ಮಿಯಿಟ್ಟು, ಮೂಕಿ ಮಟ್ಟವಾಗಿ ನಿಲ್ಲುವ ಎತ್ತರದಲ್ಲಿ ಕೊಂಡಿಯನ್ನು ಅದರ ಮೇಲೆ ಇಳಿಸಿ. ಅಚ್ಚಿನಿಂದ ಕೊಂಡಿಗೆ ಎರಡೂವರೆ ಮೀಟರ್ ಇರುವ ಟ್ರೈಲರಿನಲ್ಲಿ ತುಂಬಿದ ಟ್ಯಾಂಕನ್ನು ಒಂದು ಗೇಣು ಮುಂದಕ್ಕೆ ಸರಿಸಿದರೆ ಈ ಭಾರ 50 ಕೆ.ಜಿ.ಯಷ್ಟು ಏರುತ್ತದೆ. ಕಡಿಮೆಯಾದರೆ ಟಾರು ರಸ್ತೆಯಲ್ಲಿ ಟ್ರೈಲರ್ ಬಾಲ ಬೀಸತೊಡಗುತ್ತದೆ. ಜಾಸ್ತಿಯಾದರೆ ಗಾಡಿಯ ಹಿಂಭಾಗ ಕೂತು ಮುಂದಿನ ಚಕ್ರಗಳು ಹಗುರಾಗುತ್ತವೆ. ಥಾರ್‌ನಂಥ ಗಿಡ್ಡ ಗಾಡಿಯಲ್ಲಿ ಕಡಿದಾದ ಏರಿನಲ್ಲಿ ಸ್ಟೀರಿಂಗ್ ಮಾತು ಕೇಳದಿರುವುದು ಹೀಗೆಯೇ.

ಟೋ ಬಾರ್ ಆರಿಸುವಾಗ ಎರಡು ಇಂಚಿನ ಚೌಕ ರಿಸೀವರ್ ಇರುವುದನ್ನು ತೆಗೆದುಕೊಂಡರೆ ಅನುಕೂಲ. ಕೆಲಸವಿಲ್ಲದಾಗ ಪಿನ್ ಎಳೆದು, ಅದರೊಳಗೆ ಕೂರುವ ಗುಂಡಿನ ನಾಲಿಗೆಯನ್ನು ತೆಗೆದಿಡಬಹುದು, ಇಲ್ಲವಾದರೆ ಹಳ್ಳ ದಾಟಿ ಮೇಲೇರುವಾಗ ಅದು ಮಣ್ಣು ಉಳುತ್ತದೆ. ಗುಂಡು 50 ಮಿ.ಮೀ. ಇರಲಿ. 47.6 ಮಿ.ಮೀ. ಗುಂಡೂ ಸಿಗುತ್ತದೆ. 50ರ ಕೊಂಡಿಯೊಳಗೆ ಅದು ಸರಿಯಾಗಿ ಕೂತಂತೆ ಕಂಡು, ಗುಂಡಿ ಹಾರಿದಾಗ ಕಳಚಿಕೊಳ್ಳುತ್ತದೆ. ತೀರಾ ಕೊರಕಲು ದಾರಿಯಾದರೆ ಗುಂಡಿನ ಬದಲು ಟ್ರೈಲರಿಗೆ ಬಳೆ, ಗಾಡಿಗೆ ಅದನ್ನು ಹಿಡಿಯುವ ಪಿಂಟಲ್ ಕೊಕ್ಕೆಯೇ ಮೇಲು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪುಗಳು ಕಾಲು ಟನ್ ಟ್ರೈಲರುಗಳನ್ನು ಎಳೆದದ್ದು ಇದರಲ್ಲೇ. ಗಡಗಡ ಸದ್ದು ಮಾಡುತ್ತದೆ, ಸಹಿಸಿಕೊಳ್ಳಬೇಕು. ಟ್ರ್ಯಾಕ್ಟರಿನ ಟ್ರೈಲರನ್ನು ಮಾತ್ರ ಖಾಲಿಯಿದ್ದರೂ ಜೀಪಿಗೆ ಸಿಕ್ಕಿಸಬೇಡಿ. ಅದರ ತೂಕವೂ ಮೂಕಿ ಭಾರವೂ ಜೀಪಿನ ಲೆಕ್ಕದವಲ್ಲ.

ಜೋಡಿಸುವಾಗ ಚಾಸಿಗೆ ವೆಲ್ಡಿಂಗ್ ಬೇಡ. ಕಾದ ಜಾಗದ ಉಕ್ಕು ಗುಣ ಕಳೆದುಕೊಂಡು ಅಲ್ಲಿಂದಲೇ ಬಿರುಕು ಬಿಡುತ್ತದೆ, ವಾರಂಟಿಗೂ ಕುತ್ತು. ಕಂಪನಿ ಬಿಟ್ಟ ತೂತುಗಳನ್ನೇ ಬಳಸುವ ಬಾರ್ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಹೊಸದಾಗಿ ಕೊರೆಯಲೇಬೇಕಾದರೆ ಅಂಚು ನಯ ಮಾಡಿ ಜಿಂಕ್ ಪ್ರೈಮರ್ ಬಳಿಯಿರಿ, ನಮ್ಮ ಮಳೆಗೆ ಬರಿಗಬ್ಬಿಣ ಉಳಿಯುವುದಿಲ್ಲ. ಪೆಟ್ಟಿಗೆಯಂತೆ ಟೊಳ್ಳಾದ ಚಾಸಿಗೆ ಬೋಲ್ಟ್ ಹಾಯಿಸುವಲ್ಲಿ ಒಳಗೆ ಉಕ್ಕಿನ ಕೊಳವೆ ಇರಲೇಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಚಾಸಿ ಒಳಕ್ಕೆ ಕುಸಿದು, ಕೆಲವೇ ದಿನಗಳಲ್ಲಿ ಬೋಲ್ಟು ಸಡಿಲವಾಗುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತು ನೋಡಿ, ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯದನ್ನು ಹಾಕಲು ಬಿಡಬೇಡಿ. ಲಾಕ್ ನಟ್ಟುಗಳೂ ಹೊಸವಿರಲಿ. ಮೇಸ್ತ್ರಿಯ ಕೈಬಲ ಸಾಲದು, ಬಾರ್ ತಯಾರಿಸಿದವರು ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಸಿ. ಮೊದಲ ಕೆಲವು ಸುತ್ತುಗಳ ನಂತರ ಮತ್ತೆ ಪರೀಕ್ಷಿಸಿ.

ಗುಂಡಿನ ಎತ್ತರವನ್ನು ಟ್ರೈಲರ್ ಮಟ್ಟವಾಗಿ ನಿಲ್ಲುವಂತೆ ಹೊಂದಿಸಬೇಕು. ದೊಡ್ಡ ಟಯರು ಹಾಕಿಸಿ ಗಾಡಿ ಎತ್ತರಿಸಿದ್ದರೆ ಕೆಳಕ್ಕೆ ಇಳಿದ ನಾಲಿಗೆ ಬೇಕಾಗುತ್ತದೆ.

ವೈರಿಂಗ್‌ಗೆ ಏಳು ಪಿನ್ನಿನ ಸಾಕೆಟ್. ಹಳದಿ ಎಡ ಇಂಡಿಕೇಟರ್, ಹಸಿರು ಬಲದ್ದು, ಕೆಂಪು ಬ್ರೇಕ್ ದೀಪ, ಬಿಳಿ ಅರ್ತ್. ಹೊಸ ಗಾಡಿಗಳಲ್ಲಿ ತಂತಿ ಕೆರೆದು ನೇರ ಸುತ್ತಿದರೆ ಕಂಪ್ಯೂಟರ್ ಮುನಿಸಿಕೊಳ್ಳುತ್ತದೆ, ರಿಲೇ ಇರುವ ಪ್ರತ್ಯೇಕ ಮಾಡ್ಯೂಲ್ ಹಾಕಿಸಿ. ಎರಡು ಸುರಕ್ಷತಾ ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಅಡ್ಡಡ್ಡ ಹಾಯಿಸಿ ಕಟ್ಟಿದರೆ, ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ನಾಟುವುದಿಲ್ಲ.

ಒಂದು ಮಾತನ್ನು ಮನೆಯ ಡ್ರೈವರ್‌ಗೂ ನೆಂಟರ ಹುಡುಗರಿಗೂ ಹೇಳಿಡಿ. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯಲು ಗುಂಡಿಗೆ ಹಗ್ಗ ಸುತ್ತಬಾರದು. ಗುಂಡು ಇರುವುದು ನಿಧಾನದ ಎಳೆತಕ್ಕೆ. ಜಗ್ಗಿದಾಗ ಅದು ಬುಡದಲ್ಲಿ ತುಂಡಾಗಿ ಹಗ್ಗದ ಸೆಳೆತಕ್ಕೆ ಗುಂಡೇಟಿನಂತೆ ಹಾರುತ್ತದೆ. ಹೀಗೆ ಹಾರಿದ ಗುಂಡು ತಗುಲಿ ಆಸ್ಟ್ರೇಲಿಯಾದಲ್ಲಿ ಜನ ಸತ್ತಿದ್ದಾರೆ. ನಾಲಿಗೆ ತೆಗೆದು, ಅದೇ ರಿಸೀವರಿಗೆ ಕೂರುವ ಶ್ಯಾಕಲ್ ಬ್ಲಾಕ್ ಹಾಕಿ ಎಳೆಯಿರಿ, ಹತ್ತಿರ ಯಾರೂ ನಿಲ್ಲದಿರಲಿ.

ಕಾಗದಪತ್ರದ ವಿಷಯ ಕೊನೆಗೆ ಬಂತು, ಆದರೆ ಕೆಲಸದಲ್ಲಿ ಇದೇ ಮೊದಲು ಆಗಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಒಂದು ಮೋಟಾರು ವಾಹನ, ರಸ್ತೆಗೆ ಇಳಿಸಲು ನೋಂದಣಿ ಬೇಕು. ಅದೇ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಒಂದು ಪತ್ರ ಬರೆದು ಉತ್ತರವನ್ನು ಗಾಡಿಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ.